ಕೆರೆಯ ಕೊಪ್ಪರಿಗೆ ಕತೆ ಕೇಳಿದರೆ, ಪಾಯದಲ್ಲಿ ಕುಡಿಕೆ ಸಿಕ್ಕರೆ ಏನು ಮಾಡಬೇಕು?

ನಮ್ಮೂರು ಕೂಡ್ಲಿಗಿ ಕಡೆ. ಊರ ಹಿಂದೆ ಕೆರೆ, ಏರಿ ಮೇಲೆ ಹುಣಸೆಮರ. ಆ ಕೆರೆಯಲ್ಲಿ ಏಳು ಕೊಪ್ಪರಿಗೆ ಹೊನ್ನು ಇದೆ ಅಂತ ಕೇಳಿಕೊಂಡೇ ನಾವೆಲ್ಲ ದೊಡ್ಡವರಾದದ್ದು. ಏಳನ್ನೂ ಒಂದೇ ಸರಪಳಿಯಲ್ಲಿ ಕಟ್ಟಿದೆಯಂತೆ. ಅಮಾವಾಸ್ಯೆ ರಾತ್ರಿ ಗಣಗಣ ಸದ್ದು ಮಾಡುತ್ತಾ ಈ ಕೆರೆಯಿಂದ ಆಚೆ ಊರಿನ ಕೆರೆಗೆ ಹೋಗುತ್ತವಂತೆ. ದಾರಿಯಲ್ಲಿ ಯಾರಾದರೂ ಎದುರಾದರೆ "ಬರ್ಲಾ? ಬರ್ಲಾ?" ಅಂತ ಕೇಳುತ್ತವಂತೆ. ಬಾ ಅಂದರೆ ಬರುತ್ತವೆ, ಆದರೆ ಚೊಚ್ಚಲ ಮಗುವನ್ನು ಕೇಳುತ್ತವೆ. ನಮ್ಮಜ್ಜಿ ಈ ಕತೆ ಮುಗಿಸುವಾಗ ಪ್ರತಿ ಸಲ ನನ್ನ ತಲೆ ಸವರಿ, "ಯಾವ ತಾಯಿ ಬಾ ಅಂತಾಳಪ್ಪ? ಅದ್ಕೇ ಅವು ಇನ್ನೂ ಅಲ್ಲೇ ಅದಾವು" ಅನ್ನುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಅಮಾವಾಸ್ಯೆ ಮಾರನೇ ದಿನ ನಮ್ಮ ಹೊಲದ ಬದುವಿನಲ್ಲಿದ್ದ ವೀರಗಲ್ಲು ಮಗುಚಿ ಬಿದ್ದಿತ್ತು. ಅದರ ಬುಡದಲ್ಲಿ ಆಳುದ್ದದ ಗುಂಡಿ. ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಅರ್ಧ ಉರಿದ ಕರ್ಪೂರ, ಒಂದು ಕೋಳಿ ರೆಕ್ಕೆ. ಕಲ್ಲು ಮೂರು ತುಂಡಾಗಿತ್ತು. ಗುಂಡಿಯಲ್ಲಿ ಏನೂ ಇರಲಿಲ್ಲ. ಏನೋ ಸಿಕ್ಕಿ ಎತ್ತಿಕೊಂಡು ಹೋದರು ಅನ್ನುವುದಕ್ಕೂ ಗುರುತಿಲ್ಲ, ಕೆಳಗೆ ಬರೀ ಗಟ್ಟಿ ಮೊರಂ. ಆ ಗುಂಡಿ ಮುಂದೆ ನಮ್ಮಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವತ್ತಿನಿಂದ ನಿಧಿ ವಿಷಯ ನನಗೆ ಬರೀ ಕತೆಯಾಗಿ ಉಳಿದಿಲ್ಲ.

ನಿಮ್ಮೂರಲ್ಲೂ ಇಂಥ ಒಂದು ಕತೆ ಇದ್ದೇ ಇರುತ್ತದೆ. ಕೋಟೆ ಬುರುಜಿನ ಕೆಳಗೆ, ಬಸವಣ್ಣನ ಹೊಟ್ಟೆಯಲ್ಲಿ, ಹಾಳೂರಿನ ಬಾವಿಯಲ್ಲಿ. ಆ ಕತೆಯನ್ನು ಏನು ಮಾಡಬೇಕು, ನಿಜವಾಗಿ ನೆಲದಲ್ಲಿ ಏನಾದರೂ ಸಿಕ್ಕರೆ ಏನು ಮಾಡಬೇಕು, ನಿಧಿ ತೆಗೆದುಕೊಡುತ್ತೇನೆ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಏನು ಮಾಡಬೇಕು, ಇದನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಕತೆಯನ್ನು ಪೂರ್ತಿ ಕೇಳಿ, ಬರೆದಿಡಿ

ನಿಧಿ ಕತೆ ಕೇಳಿದವರು ಸಾಮಾನ್ಯವಾಗಿ "ಎಲ್ಲಿದೆ?" ಅಂತ ಒಂದೇ ಪ್ರಶ್ನೆ ಕೇಳುತ್ತಾರೆ. ಉಳಿದ ಕತೆ ಅಲ್ಲೇ ಬಿದ್ದುಹೋಗುತ್ತದೆ. ನೀವು ಹಾಗೆ ಮಾಡಬೇಡಿ. ಊರಿನ ಹಿರಿಯರ ಹತ್ತಿರ ಹೋಗಿ ಕೂತು, ಅವರದೇ ಮಾತಿನಲ್ಲಿ ಹೇಳಲು ಬಿಡಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ನಡುವೆ ಬಾಯಿ ಹಾಕಿ ತಿದ್ದಬೇಡಿ. ಹಣ ಇಟ್ಟವರು ಯಾರು, ಯಾವ ಭಯಕ್ಕೆ ಇಟ್ಟರು, ಕಾಯುವವರು ಯಾರು, ತೆಗೆಯಲು ಹೋದವರಿಗೆ ಏನಾಯಿತು, ಈ ಕತೆ ಅವರಿಗೆ ಹೇಳಿದವರು ಯಾರು ಅಂತ ನಿಧಾನವಾಗಿ ಕೇಳಿ. ಅದೇ ಕತೆಯನ್ನು ಇನ್ನೊಂದು ಕೇರಿಯಲ್ಲೂ ಕೇಳಿ. ಅಲ್ಲಿ ಕೊಪ್ಪರಿಗೆ ಐದಾಗಿರುತ್ತದೆ, ಪಾಳೇಗಾರನ ಜಾಗದಲ್ಲಿ ರಾಣಿ ಬಂದಿರುತ್ತಾಳೆ. ಎರಡನ್ನೂ ಬರೆದುಕೊಳ್ಳಿ. ಯಾವುದು ಸರಿ ಅಂತ ಜಗಳ ಬೇಡ.

ಹೀಗೆ ನಾಲ್ಕೈದು ಕತೆ ಬರೆದ ಮೇಲೆ ನನಗೆ ಒಂದು ವಿಷಯ ಕಂಡಿತು. ನಾನು ಕೇಳಿದ ಒಂದು ಕತೆಯಲ್ಲೂ ಹಣ ತೆಗೆದವನು ಸುಖವಾಗಿಲ್ಲ. ಒಬ್ಬನಿಗೆ ಮಕ್ಕಳಿಲ್ಲ, ಒಬ್ಬನಿಗೆ ಕಣ್ಣು ಹೋಯಿತು, ಒಬ್ಬನ ಕೈಯಲ್ಲಿ ಹೊನ್ನು ಇದ್ದಿಲಾಯಿತು. ನಮ್ಮ ಹಿರಿಯರು ಈ ಕತೆಗಳನ್ನು ಜಾಗ ತೋರಿಸಲು ಹೇಳಿದ್ದಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬಾ ಅನ್ನಬೇಡ ಅಂತ ಹೇಳಲು ಹೇಳಿದ್ದು. ಅರ್ಧ ಕತೆ ಕೇಳಿ ಗುದ್ದಲಿ ಎತ್ತಿದವರಿಗೆ ಆ ಮಾತು ಕೇಳಿಸಲೇ ಇಲ್ಲ.

ಹಣ ಹೂಳುತ್ತಿದ್ದದ್ದು ಮಾತ್ರ ನಿಜ. ಬ್ಯಾಂಕಿಲ್ಲದ ಕಾಲ. ದಂಡು ಬರುತ್ತದೆ ಅಂದರೆ ಇದ್ದ ನಾಲ್ಕು ಕಾಸನ್ನು ಕುಡಿಕೆಗೆ ಹಾಕಿ ಹೂಳಿ ಊರು ಬಿಡುತ್ತಿದ್ದರು. ವಾಪಸ್ ಬರದವರ ಕುಡಿಕೆ ಅಲ್ಲೇ ಉಳಿಯುತ್ತಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ವದವರು ಅಗೆದಾಗಲೂ ರೋಮನ್ ನಾಣ್ಯ ಬಂದಿವೆ. ಎರಡು ಸಾವಿರ ವರ್ಷದ ಹಿಂದೆ ನಮ್ಮ ನೆಲದ ಜೊತೆ ಯಾರು ಯಾರು ವ್ಯಾಪಾರ ಮಾಡುತ್ತಿದ್ದರು ಅಂತ ಗೊತ್ತಾದದ್ದು ಇಂಥವುಗಳಿಂದ. ಇವುಗಳಲ್ಲಿ ಒಂದೂ ಅಂಜನ ಹಾಕಿ ಸಿಕ್ಕಿದ್ದಲ್ಲ.

ಹಂಪಿಯ ಮಾತು ಬೇರೆ. 1565ರಲ್ಲಿ ರಕ್ಕಸ-ತಂಗಡಿ ಕಾಳಗ ಸೋತ ಮೇಲೆ ವಿಜಯನಗರದ ಅಳಿಯ ರಾಮರಾಯನ ತಮ್ಮ ತಿರುಮಲರಾಯ 550 ಆನೆಗಳ ಮೇಲೆ ಬೊಕ್ಕಸ ಹೇರಿಕೊಂಡು ಪೆನುಗೊಂಡೆಗೆ ಹೋದ ಅಂತ ಪೋರ್ಚುಗೀಸರ ಬರಹ ಆಧರಿಸಿ ಹೇಳುತ್ತಾರೆ. ಆನೆಗಳ ಎಣಿಕೆ ಹೆಚ್ಚುಕಮ್ಮಿ ಇರಬಹುದು. ಆದರೆ ಯೋಚನೆ ಮಾಡಿ: ಸಾಗಿಸುವಂಥದ್ದನ್ನು ಸಾಗಿಸಿಯಾಯಿತು, ಉಳಿದದ್ದನ್ನು ತಿಂಗಳುಗಟ್ಟಲೆ ಸೂರೆ ಮಾಡಿಯಾಯಿತು. ಆಮೇಲೆ ನಾಲ್ಕು ನೂರು ವರ್ಷ ಬಂದವರೆಲ್ಲ ಅಗೆದರು. ಇವತ್ತು ಅಲ್ಲಿ ವಿಗ್ರಹ ಒಡೆಯುವವನಿಗೆ ಏನು ಉಳಿದಿದೆ?

ಎರಡನೆಯದು: ಕಲ್ಲಿನ ಗುರುತುಗಳ ಅರ್ಥ ತಿಳಿದುಕೊಳ್ಳಿ

ಈ ಭಾಗ ಸ್ವಲ್ಪ ಉದ್ದ. ನಿಧಿಗಳ್ಳರು ಒಡೆದ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳನ್ನು ಒಡೆದದ್ದು ಅವುಗಳ ಮೇಲಿನ ಗುರುತು ಓದಲು ಬಾರದೆ.

ಶಾಸನದ ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ ಇರುತ್ತಾರೆ. "ಸೂರ್ಯ ನೋಡುವ ದಿಕ್ಕಿಗೆ ಹತ್ತು ಮಾರು" ಅಂತ ಯಾರೋ ಲೆಕ್ಕ ಹೇಳುತ್ತಾರೆ. ಅದರ ಅರ್ಥ ಅದಲ್ಲ. ಸೂರ್ಯ ಚಂದ್ರ ಇರುವವರೆಗೂ ಈ ದಾನ ನಡೆಯಲಿ ಅಂತ ಅಷ್ಟೇ. ಪಕ್ಕದಲ್ಲಿ ಹಸು ಕರು ಇದ್ದರೆ ಅದೂ ದಾನಕ್ಕೆ ಸಂಬಂಧಪಟ್ಟದ್ದು.

ಹೊಲದ ಮೂಲೆಯಲ್ಲಿ ಲಿಂಗ ಕೆತ್ತಿದ ಕುಳ್ಳ ಕಲ್ಲು ಇದ್ದರೆ ಅದು ಲಿಂಗಮುದ್ರೆ ಕಲ್ಲು. ಶಿವನ ಗುಡಿಗೆ ಬಿಟ್ಟ ಜಮೀನಿನ ಗಡಿ. ಕೊಡೆ ಹಿಡಿದ ಪುಟ್ಟ ಆಕೃತಿ ಇದ್ದರೆ ವಾಮನಮುದ್ರೆ ಕಲ್ಲು, ಅದೂ ದಾನದ ಜಮೀನಿನ ಗಡಿಯೇ. ಈಗಿನ ಸರ್ವೆ ಕಲ್ಲಿನ ಕೆಲಸವನ್ನು ಆಗ ಇವು ಮಾಡುತ್ತಿದ್ದವು. ಸರ್ವೆ ಕಲ್ಲಿನ ಕೆಳಗೆ ಯಾರಾದರೂ ಬಂಗಾರ ಇಡುತ್ತಾರಾ?

ಇನ್ನು ದೊಡ್ಡ ತಪ್ಪು ಆಗುವುದು ಒಂದು ಸಾಲಿನಿಂದ. ವಿಜಯನಗರ ಕಾಲದ ದಾನಶಾಸನಗಳಲ್ಲಿ "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ" ಅಂತ ಬರುತ್ತದೆ. ಹಳೆಗನ್ನಡ ಅಕ್ಷರ ಅಲ್ಪಸ್ವಲ್ಪ ಓದಬಲ್ಲವನು ಇದರಲ್ಲಿ "ನಿಧಿ ನಿಕ್ಷೇಪ" ಅನ್ನುವ ಎರಡು ಪದ ಓದಿ ಹೌಹಾರುತ್ತಾನೆ. ಇಲ್ಲೇ ನಿಧಿ ಇದೆ ಅಂತ ಕಲ್ಲಿನಲ್ಲೇ ಬರೆದಿದ್ದಾರೆ ಅಂತ ಊರೆಲ್ಲ ಸುದ್ದಿಯಾಗುತ್ತದೆ. ಆದರೆ ಅದು ಇವತ್ತಿನ ಕ್ರಯಪತ್ರದಲ್ಲಿ "ಗಿಡ, ಮರ, ಬಾವಿ, ದಾರಿ ಹಕ್ಕು ಸಮೇತ" ಅಂತ ಬರೆಯುತ್ತಾರಲ್ಲ, ಹಾಗೆ. ಈ ಜಮೀನಿನಲ್ಲಿ ಮುಂದೆ ಹೂತ ಹಣ ಸಿಕ್ಕರೂ, ನೀರು ಬಂದರೂ, ಕಲ್ಲು ಸಿಕ್ಕರೂ ದಾನ ಪಡೆದವನಿಗೇ ಸೇರಿದ್ದು ಅಂತ. ಎಂಟು ಹಕ್ಕುಗಳ ಪಟ್ಟಿ. ಊರೂರಿನ ಶಾಸನದಲ್ಲಿ ಇದೇ ಸಾಲು ಇದೆ. ಈ ಒಂದು ಸಾಲಿನ ಅರ್ಥ ನಿಮ್ಮೂರಿನ ಹುಡುಗರಿಗೆ ಹೇಳಿಕೊಟ್ಟರೆ ಒಂದು ಶಾಸನ ಉಳಿಯುತ್ತದೆ. ದಯವಿಟ್ಟು ಹೇಳಿಕೊಡಿ.

ವೀರಗಲ್ಲು, ಮಾಸ್ತಿಗಲ್ಲುಗಳು ಸತ್ತವರ ನೆನಪಿನ ಕಲ್ಲು. ವೀರಗಲ್ಲು ದನ ಕದಿಯಲು ಬಂದವರ ಜೊತೆ, ಹುಲಿ ಜೊತೆ, ಊರು ಮುತ್ತಿದವರ ಜೊತೆ ಹೋರಾಡಿ ಸತ್ತವರದು, ಮಾಸ್ತಿಗಲ್ಲು ಗಂಡನ ಜೊತೆ ಸತಿ ಹೋದ ಹೆಣ್ಣುಮಕ್ಕಳದು. ಗುಡ್ಡದ ಮೇಲೆ ಚಪ್ಪಡಿ ಕಲ್ಲಿನ ಪುಟ್ಟ ಮನೆಗಳಿದ್ದರೆ, ಜನ ಅವನ್ನು ಪಾಂಡವರ ಮನೆ ಅಥವಾ ಮೋರೇರ ಮನೆ ಅನ್ನುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಇಂಥವು ನೂರಾರು ಇವೆ. ಅವು ಕಬ್ಬಿಣದ ಕಾಲದವರ ಸಮಾಧಿ. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು ಕೆಂಪು ಮಡಕೆ, ಮೂಳೆ, ಕಬ್ಬಿಣದ ಆಯುಧ, ಮಣಿ.

ಗುಡಿಯ ಮೂಲವಿಗ್ರಹದ ಕೆಳಗೆ ರತ್ನ ಇದೆ ಅನ್ನುವ ಮಾತಿಗೆ ಒಂದು ಸಣ್ಣ ಆಧಾರ ಇದೆ. ಪ್ರತಿಷ್ಠೆ ಮಾಡುವಾಗ ಪೀಠದ ಕೆಳಗೆ ನವರತ್ನದ ಹರಳು, ಲೋಹದ ಚೂರು, ಧಾನ್ಯ ಇಡುವ ಪದ್ಧತಿ ಇದೆ. ಎಲ್ಲ ಸೇರಿ ಒಂದು ಹಿಡಿಯಾದರೆ ಹೆಚ್ಚು. ಅಷ್ಟಕ್ಕೋಸ್ಕರ ಎಷ್ಟು ಲಿಂಗ, ಎಷ್ಟು ಬಸವಣ್ಣ ಕಿತ್ತುಬಿದ್ದಿವೆ! 2019ರ ಜುಲೈನಲ್ಲಿ ಆನೆಗುಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದರು. ಭಕ್ತರು ಸೇರಿ ಅದನ್ನು ಮತ್ತೆ ಕಟ್ಟಿದರು, ಒಡೆದವರು ಸಿಕ್ಕಿಬಿದ್ದರು.

ಇನ್ನೊಂದು, ಹಗೇವು. ಮನೆ ಅಂಗಳದಲ್ಲೋ ಬೀದಿಯಲ್ಲೋ ಚಪ್ಪಡಿ ಸರಿದು ಕತ್ತಲ ಗುಂಡಿ ಕಂಡರೆ ಸುರಂಗ ಸಿಕ್ಕಿತು ಅಂತ ಗುಲ್ಲಾಗುತ್ತದೆ. ಬಯಲುಸೀಮೆಯಲ್ಲಿ ಎಷ್ಟೋ ಸಲ ಅದು ಜೋಳ ತುಂಬುತ್ತಿದ್ದ ಹಳೇ ಹಗೇವು. ಒಳಗೆ ಇಳಿಯಬೇಡಿ. ವರ್ಷಾನುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಹಾಗೇ. ಮಕ್ಕಳನ್ನು ದೂರ ಇಟ್ಟು, ಬಾಯಿಗೆ ಮುಳ್ಳು ಹಾಕಿ ಪಂಚಾಯಿತಿಗೆ ಹೇಳಿ. ಒಳಗೆ ಯಾರಾದರೂ ಬಿದ್ದಿದ್ದರೆ 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಸಿ.

ನಿಮ್ಮೂರ ಶಾಸನದಲ್ಲಿ ನಿಜವಾಗಿ ಏನಿದೆ ಅಂತ ತಿಳಿಯುವುದು ಕಷ್ಟವಿಲ್ಲ. ಹಳೇ ಮೈಸೂರು ಕಡೆಯವರಿಗೆ ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಿವೆ. ತಾಲ್ಲೂಕು, ಊರು ಹುಡುಕಿದರೆ ಶಾಸನದ ಪಾಠ ಸಿಗುತ್ತದೆ. ನಮ್ಮ ಕಡೆಯವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಆಗುತ್ತವೆ. ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ, ಇಲ್ಲದಿದ್ದರೆ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರನ್ನು ಹಿಡಿಯಿರಿ. ಫೋಟೊ ತೆಗೆಯುವಾಗ ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಏನೂ ಬಳಿಯಬೇಡಿ. ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ನೆರಳು ಬಿದ್ದು ಎದ್ದು ಕಾಣುತ್ತದೆ.

ಮೂರನೆಯದು: ನಿಧಿ ತೆಗೆಯುವವನನ್ನು ಹೊಸ್ತಿಲಲ್ಲೇ ತಡೆಯಿರಿ

ಅವನು ನೇರವಾಗಿ ನಿಧಿ ಮಾತು ಎತ್ತುವುದಿಲ್ಲ. ಮನೆಯಲ್ಲಿ ಕಷ್ಟ ಇದೆಯಾ ಅಂತ ಕೇಳುತ್ತಾನೆ. ಸಾಲ, ಮಗಳ ಮದುವೆ, ಬತ್ತಿದ ಬೋರ್‌ವೆಲ್. ಆಮೇಲೆ ನೆಲ ಮೂಸಿದ ಹಾಗೆ ಮಾಡಿ, "ನಿಮ್ಮ ಹಿತ್ತಲಲ್ಲಿ ಹಿರಿಯರದ್ದು ಏನೋ ಕೂತಿದೆ" ಅನ್ನುತ್ತಾನೆ. ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಅಂಜನ ಹಚ್ಚಿ, ಸಣ್ಣ ಹುಡುಗನನ್ನು ಕೂರಿಸಿ "ಹಾವು ಕಾಣುತ್ತಾ? ಕೊಡ ಕಾಣುತ್ತಾ?" ಅಂತ ಕೇಳುತ್ತಾನೆ. ಹತ್ತು ಸಲ ಕೇಳಿದರೆ ಯಾವ ಮಗುವಾದರೂ ಹೂಂ ಅನ್ನುತ್ತದೆ. ಪೂಜೆಗೆ ಮೊದಲು ಐದು ಸಾವಿರ, ದಿಗ್ಬಂಧನಕ್ಕೆ ಐವತ್ತು ಸಾವಿರ. ಕೊನೆಗೆ "ಅದು ಬಲಿ ಕೇಳುತ್ತಿದೆ" ಅನ್ನುವ ಮಾತು ಬರುತ್ತದೆ.

ಆ ಮಾತು ಬಂದ ತಕ್ಷಣ 112ಕ್ಕೆ ಫೋನ್ ಮಾಡಿ. ಮಗುವಿನ ವಿಷಯ ಇದ್ದರೆ 1098. ಹಿಂದೆಮುಂದೆ ನೋಡಬೇಡಿ. ನಿಧಿ ಆಸೆಗೆ ಮಕ್ಕಳ ಜೀವಕ್ಕೆ ಕೈಹಾಕಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಆಗಿವೆ. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಬರುವವರ ಬಗ್ಗೆಯೂ ಎಚ್ಚರ ಇರಲಿ. ಅಂಥವರಿಗೆ ನೆಲದೊಳಗಿನದು ಕಾಣುತ್ತದೆ ಅನ್ನುವ ಹಳೇ ನಂಬಿಕೆಯನ್ನು ಹಿಡಿದು ಬಡವರ ಮಕ್ಕಳನ್ನು ಕರೆದೊಯ್ಯುತ್ತಾರೆ. 2017ರ ಕರ್ನಾಟಕದ ಮಾಟಮಂತ್ರ ತಡೆ ಕಾಯ್ದೆಯಲ್ಲಿ ನಿಧಿಗಾಗಿ ವಾಮಾಚಾರ ಮಾಡುವುದು, ಮಾಡಲು ಕುಮ್ಮಕ್ಕು ಕೊಡುವುದು ಅಪರಾಧ ಅಂತ ಸೇರಿದೆ. ಒಂದು ವರ್ಷದಿಂದ ಏಳು ವರ್ಷದವರೆಗೆ ಜೈಲು.

ಇದೇ ಜಾತಿಯ ಮೋಸ ಇನ್ನೂ ಇವೆ. ಅಕ್ಕಿ ಎಳೆಯುವ ಚೊಂಬು ಅಂತ ತೋರಿಸುತ್ತಾರೆ. ಸಿಡಿಲು ಹೊಡೆದು ಇರಿಡಿಯಂ ಆಗಿದೆ, ಕೋಟಿಗಟ್ಟಲೆ ಬೆಲೆ ಅನ್ನುತ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ ಚೊಂಬಿನೊಳಗೆ ಅಯಸ್ಕಾಂತ ಇಟ್ಟಿರುತ್ತಾರೆ. ಎರಡು ತಲೆ ಹಾವು ನಿಧಿ ತೋರಿಸುತ್ತದೆ ಅನ್ನುತ್ತಾರೆ. ಪಾಪ, ಅದು ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಮಣ್ಣುಮುಕ್ಕ ಹಾವು, ಅದರ ಬಾಲ ಮೊಂಡು, ಅಷ್ಟೇ. ಅದನ್ನು ಹಿಡಿಯುವುದು, ಮಾರುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಪೇಟೆಯವರೇ ಜಾಸ್ತಿ ಬೀಳುವುದು ನಕಲಿ ನಾಣ್ಯದ ಬಲೆಗೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. "ಅಣ್ಣಾ, ನಾನು ಕೂಲಿಯವನು. ಪಾಯ ತೋಡುವಾಗ ಬಂಗಾರದ ಬಿಲ್ಲೆ ಸಿಕ್ಕಾವು. ನಮ್ಮಂಥೋರು ಮಾರಾಕ ಹೋದ್ರ ಹಿಡೀತಾರ, ನೀವು ತಗಳ್ರಿ" ಅನ್ನುತ್ತಾನೆ. ನೋಡಲು ಹೋದರೆ ಒಂದೆರಡು ಅಸಲಿ ನಾಣ್ಯ ಕೊಟ್ಟು, ನಿಮ್ಮ ಅಕ್ಕಸಾಲಿಗರ ಹತ್ತಿರವೇ ಪರೀಕ್ಷೆ ಮಾಡಿಸಿ ಅನ್ನುತ್ತಾನೆ. ಪರೀಕ್ಷೆಯಲ್ಲಿ ಬಂಗಾರ ಅಂತಲೇ ಬರುತ್ತದೆ. ಆಮೇಲೆ ಲಕ್ಷಗಟ್ಟಲೆ ಹಣ ತಂದವರಿಗೆ ಊರಾಚೆ ಎಲ್ಲೋ ಒಂದು ಚೀಲ ಹಿತ್ತಾಳೆ ಕೊಟ್ಟು ಓಡಿಸುತ್ತಾರೆ, ಕೆಲವೊಮ್ಮೆ ಹೊಡೆದು ಕಿತ್ತುಕೊಳ್ಳುತ್ತಾರೆ. ಸಿಕ್ಕ ನಿಧಿಯನ್ನು ಕದ್ದು ಕೊಳ್ಳಲು ಹೋಗಿದ್ದೆ ಅಂತ ಹೇಳಲಾಗದೆ ಎಷ್ಟೋ ಜನ ದೂರನ್ನೇ ಕೊಡುವುದಿಲ್ಲ. ನಾಚಿಕೆ ಬಿಟ್ಟು ಕೊಡಿ. ನೀವು ಸುಮ್ಮನಿದ್ದರೆ ನಾಳೆ ಇನ್ನೊಬ್ಬರಿಗೆ ಅದೇ ಫೋನ್ ಹೋಗುತ್ತದೆ.

ನಾಲ್ಕನೆಯದು: ನಿಜವಾಗಿ ಏನಾದರೂ ಸಿಕ್ಕಿತು. ಈಗ?

ಮನೆ ಪಾಯ, ಕೃಷಿಹೊಂಡ, ಪೈಪ್‌ಲೈನ್, ಕೆರೆ ಹೂಳು. ಗುದ್ದಲಿಗೆ ಠಣ್ ಅಂತ ಏನೋ ತಾಗಿತು. ಮೊದಲು ಕೆಲಸ ನಿಲ್ಲಿಸಿ. ಜೆಸಿಬಿ ಇದ್ದರೆ ಬಂದ್ ಮಾಡಿಸಿ. ಕುಡಿಕೆಯನ್ನು ಎತ್ತಬೇಡಿ, ಅದು ಇರುವ ಹಾಗೇ ಫೋಟೊ ತೆಗೆಯಿರಿ. ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡಿ. ದೂರದಿಂದ ಇನ್ನೊಂದು ಫೋಟೊ, ಮನೆಯೋ ಮರವೋ ಕಾಣುವ ಹಾಗೆ. ಎಷ್ಟು ಅಡಿ ಆಳ, ಮಣ್ಣಿನ ಬಣ್ಣ ಏನು, ಜೊತೆಗೆ ಬೂದಿ, ಮಡಕೆ ಚೂರು, ಇಟ್ಟಿಗೆ ಇತ್ತಾ ಅಂತ ಬರೆದುಕೊಳ್ಳಿ.

ಇದೆಲ್ಲ ಯಾಕೆ ಅಂದರೆ, ನಾಣ್ಯದ ಗಂಟಿನಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವುದೋ, ಅದು ಅಚ್ಚಾದ ಮೇಲೆಯೇ ಗಂಟು ಹೂಳಿದ್ದು ಅಂತ ಲೆಕ್ಕ. ನೂರರಲ್ಲಿ ಆ ಒಂದು ನಾಣ್ಯ ಯಾರದೋ ಜೇಬಿಗೆ ಹೋದರೆ ಗಂಟಿನ ಕಾಲವೇ ತಪ್ಪುತ್ತದೆ. ಹೂಳಿದವರು ಯಾವ ದಂಡಿಗೆ ಹೆದರಿದ್ದರು ಅಂತ ಹೇಳಲು ಇನ್ನೊಂದು ಸಾಕ್ಷಿ ಇರುವುದಿಲ್ಲ.

ತೊಳೆಯಬೇಡಿ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ತಾಮ್ರದ ಮೇಲಿನ ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತದೆ. ಸುತ್ತಲಿನ ಮಣ್ಣನ್ನು ಎಸೆಯಬೇಡಿ, ಒಂದು ಗೋಣಿಚೀಲದಲ್ಲಿ ಎತ್ತಿಡಿ. ಈಗ ನಾವು ದುಡ್ಡಿಗೆಲ್ಲ ಹಣ ಅನ್ನುತ್ತೇವೆ, ಆದರೆ ಹಿಂದೆ ಹಣ ಅನ್ನುವುದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ಅರ್ಧ ಗ್ರಾಂ ಕೂಡ ತೂಗುವುದಿಲ್ಲ, ತೊಗರಿಬೇಳೆಯಷ್ಟು. ಒಂದು ಹೆಂಟೆಯೊಳಗೆ ನಾಲ್ಕು ಅಡಗಿದ್ದರೂ ಕಾಣುವುದಿಲ್ಲ.

ಆಮೇಲೆ ತಿಳಿಸಿ. ಗ್ರಾಮ ಆಡಳಿತಾಧಿಕಾರಿ, ಪಿಡಿಒ, ಪೊಲೀಸ್ ಠಾಣೆ, ಯಾರು ಬೇಗ ಸಿಗುತ್ತಾರೋ ಅವರಿಗೆ ಮೊದಲು. ಬಾಯಿಮಾತಿಗೆ ನಿಲ್ಲಬೇಡಿ. ತಹಶೀಲ್ದಾರ್ ಮೂಲಕ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಏನು ಸಿಕ್ಕಿತು, ಸುಮಾರು ಎಷ್ಟು, ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ, ಯಾರ ಕೈಗೆ ಅಂತ ಬರೆದು, ಕಚೇರಿಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಧಿಕಾರಿಗಳು ಬಂದಾಗ ಪಂಚರ ಮುಂದೆ ಮಹಜರು ಆಗಬೇಕು. ವಸ್ತುಗಳನ್ನು ಒಂದೊಂದಾಗಿ ಎಣಿಸಿ, ತೂಗಿ ಪಟ್ಟಿ ಮಾಡಬೇಕು. ಪಟ್ಟಿ ಓದಿ ನೋಡಿಯೇ ಸಹಿ ಹಾಕಿ, ನಿಮ್ಮ ಪ್ರತಿ ಕೇಳಿ ಪಡೆಯಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಸಿಕ್ಕಿದ್ದು ಯಾರ ಗುದ್ದಲಿಗೆ? ಎಷ್ಟೋ ಸಲ ಕೂಲಿಗೆ ಬಂದ ಹೆಣ್ಣುಮಗಳ ಗುದ್ದಲಿಗೆ. ಅರ್ಜಿಯಲ್ಲಿ ಮಾತ್ರ ಜಾಗದ ಯಜಮಾನನ ಹೆಸರು ಇರುತ್ತದೆ. ಇದು ಅನ್ಯಾಯ. ಕಾನೂನಿನ ಕಣ್ಣಿನಲ್ಲಿ ನಿಧಿ ಕಂಡವರು ಬೇರೆ, ಜಾಗದ ಒಡೆಯರು ಬೇರೆ, ಇಬ್ಬರಿಗೂ ಲೆಕ್ಕ ಇದೆ. ಅವರ ಹೆಸರನ್ನು ಅರ್ಜಿಯಲ್ಲೂ ಮಹಜರಿನಲ್ಲೂ ಬರೆಸಿ.

ಐದನೆಯದು: ಕಾನೂನು ಏನು ಹೇಳುತ್ತದೆ

ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯೇ ಇದಕ್ಕೆಲ್ಲ ಅಡಿಪಾಯ. ನೆಲದಲ್ಲಿ ಹುದುಗಿರುವ ಬೆಲೆಯುಳ್ಳ ಯಾವುದೇ ವಸ್ತು ಅದರ ಪ್ರಕಾರ ನಿಧಿ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಅವರು ಪ್ರಕಟಣೆ ಹೊರಡಿಸಿ, ಹಕ್ಕು ಇದೆ ಅನ್ನುವವರಿಗೆ ನಾಲ್ಕರಿಂದ ಆರು ತಿಂಗಳೊಳಗಿನ ಒಂದು ದಿನ ಗೊತ್ತು ಮಾಡುತ್ತಾರೆ. ನೂರು ವರ್ಷದೊಳಗೆ ತಾನೋ ತನ್ನ ಹಿರಿಯರೋ ಇಟ್ಟದ್ದು ಅಂತ ಹೇಳುವವರಿದ್ದರೆ ಕೋರ್ಟಿಗೆ ಹೋಗಲು ಸಮಯ ಕೊಡುತ್ತಾರೆ. ವಾರಸುದಾರರಿಲ್ಲ ಅಂತ ತೀರ್ಮಾನವಾಗಿ, ಕಂಡವರಿಗೂ ಜಾಗದವರಿಗೂ ಬೇರೆ ಒಪ್ಪಂದ ಇಲ್ಲದಿದ್ದರೆ, ಮುಕ್ಕಾಲು ಪಾಲು ಕಂಡವರಿಗೆ, ಕಾಲು ಪಾಲು ಜಾಗದವರಿಗೆ. ಸರ್ಕಾರ ಬೇಕು ಅಂದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತೆಗೆದುಕೊಳ್ಳಬಹುದು. ಬಚ್ಚಿಟ್ಟರೆ ಪಾಲು ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು.

ಆದರೆ ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ, ಮೇಲಿನ ಲೆಕ್ಕ ಇಲ್ಲಿ ಹಾಗೇ ಇರಬೇಕು ಅಂತಿಲ್ಲ. ಇಲ್ಲಿ ಜಿಲ್ಲಾಧಿಕಾರಿಯೇ ಮುಖ್ಯ. ನಿಮ್ಮ ಪ್ರಕರಣದಲ್ಲಿ ಪಾಲು ಎಷ್ಟು, ಯಾವಾಗ ಅನ್ನುವುದನ್ನು ಅವರ ಕಚೇರಿಯಲ್ಲೇ ಬರವಣಿಗೆಯಲ್ಲಿ ಕೇಳಿ, ಊರಿನ ಕಟ್ಟೆಯ ಮಾತು ನಂಬಬೇಡಿ. ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಆಭರಣಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಲೈಸೆನ್ಸ್ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ, ಹೊರದೇಶಕ್ಕೆ ಒಯ್ಯುವಂತಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ಕೆಲಸ ನಿಷೇಧಿತ ಜಾಗ, ಅದರಾಚೆ 200 ಮೀಟರ್ ಅದಕ್ಕೆ ಅನುಮತಿ ಬೇಕಾದ ಜಾಗ.

ಸುದ್ದಿಯನ್ನು ವಾಟ್ಸಾಪಿಗೆ ಹಾಕಬೇಡಿ. ಒಂದು ಕುಡಿಕೆ ಸಿಕ್ಕ ಸುದ್ದಿ ಸಂಜೆಗೆ ಏಳು ಕೊಪ್ಪರಿಗೆ ಆಗುತ್ತದೆ. ರಾತ್ರಿಗೆ ಪಕ್ಕದ ಗುಡಿ ಹತ್ತಿರ ಟಾರ್ಚ್ ಓಡಾಡುತ್ತದೆ.

ಆರನೆಯದು: ಹಳೇ ಮನೆ ಕೆಡವುವಾಗ

ಇದು ರಾಜರ ನಿಧಿಯಲ್ಲ, ಅಜ್ಜಿಯರ ನಿಧಿ. ಒಲೆಯ ಹಿಂದಿನ ಗೂಡು, ತೊಲೆಯ ಸಂದಿ, ದೇವರ ಜಗುಲಿಯ ಕೆಳಗೆ, ಅಕ್ಕಿ ಗುಡಾಣದ ತಳ. ಗಂಡನಿಗೂ ಗೊತ್ತಾಗದಂತೆ ಎತ್ತಿಟ್ಟ ಹಣ ಅಲ್ಲೆಲ್ಲ ಇರುತ್ತದೆ. ಜೆಸಿಬಿ ತರಿಸುವ ಮೊದಲು ಒಂದು ದಿನ ಮನೆಯವರೇ ಕೈಯಲ್ಲಿ ತಡಕಿ ನೋಡಿ. ಸಿಕ್ಕರೆ ಮನೆಯ ಹೆಣ್ಣುಮಕ್ಕಳನ್ನೂ ಕರೆದು ಎಲ್ಲರ ಮುಂದೆ ಬಿಚ್ಚಿ. ಅದು ಇಟ್ಟವರ ವಾರಸುದಾರರೆಲ್ಲರದು.

ಹಾಗೆ ತಡಕುವಾಗ ಹಳೇ ಪಾಸ್‌ಬುಕ್ಕೋ ಠೇವಣಿ ಚೀಟಿಯೋ ಸಿಕ್ಕರೆ ರದ್ದಿಗೆ ಹಾಕಬೇಡಿ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ, ಆದರೆ ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು. ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಅನ್ನುವ ಪೋರ್ಟಲ್ ಶುರುಮಾಡಿದೆ. ತೀರಿಕೊಂಡವರ ಹೆಸರಿನ ಜೊತೆ ಪ್ಯಾನ್ ಅಥವಾ ಹುಟ್ಟಿದ ದಿನಾಂಕದಂಥ ಒಂದು ವಿವರ ಕೊಟ್ಟರೆ ಯಾವ ಬ್ಯಾಂಕಿನಲ್ಲಿ ಇದೆ ಅಂತ ತೋರಿಸುತ್ತದೆ. ಆಮೇಲೆ ಮರಣ ಪ್ರಮಾಣಪತ್ರ, ವಾರಸು ಪತ್ರ ಹಿಡಿದು ಆ ಬ್ಯಾಂಕಿಗೇ ಹೋಗಬೇಕು.

ಕೊನೆಯದು: ಹೊಸ ಗುಂಡಿ ಕಂಡರೆ

ಗುಡಿಯ ಹತ್ತಿರ, ವೀರಗಲ್ಲಿನ ಬುಡದಲ್ಲಿ ರಾತ್ರಿ ಯಾರಾದರೂ ಅಗೆಯುತ್ತಿದ್ದರೆ ಒಬ್ಬರೇ ಹೋಗಿ ಎದುರಾಗಬೇಡಿ. ದೂರದಿಂದಲೇ ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಹೇಳಿ. ಬೆಳಗ್ಗೆ ಗುಂಡಿ ಮಾತ್ರ ಕಂಡರೆ ಅದನ್ನು ತಕ್ಷಣ ಮುಚ್ಚಬೇಡಿ, ಪೊಲೀಸರು ನೋಡಲಿ. ಒಡೆದ ತುಂಡುಗಳನ್ನೆಲ್ಲ ಒಂದೇ ಕಡೆ ಸೇರಿಸಿಡಿ, ಚಿಕ್ಕ ಚಕ್ಕೆಯನ್ನೂ ಬಿಡಬೇಡಿ. ಸಿಮೆಂಟ್ ಹಾಕಿ ಅಂಟಿಸಬೇಡಿ. ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೊ ಸಮೇತ ಬರೆಯಿರಿ. ಕೇಂದ್ರದ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಕಚೇರಿಗಳು ಬೆಂಗಳೂರು, ಧಾರವಾಡ, ಹಂಪಿಯಲ್ಲಿವೆ.

ನಾವು ಅವತ್ತು ಇದ್ಯಾವುದನ್ನೂ ಮಾಡಲಿಲ್ಲ, ಗೊತ್ತಿರಲಿಲ್ಲ. ಎರಡು ತುಂಡನ್ನು ನಮ್ಮಪ್ಪ ಬೇವಿನ ಮರಕ್ಕೆ ಒರಗಿಸಿದರು. ಮೂರನೆಯದು ಆ ವರ್ಷದ ಮಳೆಗಾಲದಲ್ಲಿ ಕಾಣೆಯಾಯಿತು. ಬಹಳ ವರ್ಷದ ಮೇಲೆ ಶಾಸನ ಓದುವ ಮೇಷ್ಟ್ರೊಬ್ಬರು ಬಂದು, ಮಂಡಿಯೂರಿ, ಒದ್ದೆ ಬಟ್ಟೆಯಿಂದ ಒರೆಸಿ, ಉಳಿದ ಅಕ್ಷರ ಓದಿದರು. ಊರ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ಅದು. ಅವನ ತಂದೆಯ ಹೆಸರು ಪೂರ್ತಿ ಇದೆ. ಅವನ ಹೆಸರಿನ ಮೊದಲ ಅಕ್ಷರ ಮಾತ್ರ ಇದೆ, ಉಳಿದದ್ದು ಆ ಮೂರನೇ ತುಂಡಿನ ಮೇಲೆ. ಹೋದ ಬೇಸಿಗೆಯಲ್ಲಿ ಹಳ್ಳದ ಒಡ್ಡಿನಲ್ಲಿ, ಬಟ್ಟೆ ಒಗೆಯುವ ಕಲ್ಲೊಂದರ ಅಡಿಭಾಗದಲ್ಲಿ ಗೀರು ಕಂಡಿದೆ. ನೀರು ಇಳಿದ ಮೇಲೆ ಮಗುಚಿ ನೋಡಬೇಕು.